‘ಪತ್ತೆಯಾಗಿಲ್ಲ’

ಬೀದರಿನಿಂದ ಜಹೀರಾಬಾದ್, ಪಟಾನ್‌ಚೆರು ದಾಟಿ ಹೈದರಾಬಾದಿಗೆ ಬರುವ ಬಸ್ಸುಗಳಲ್ಲಿ ಗುಳಿಗೆ ಒಯ್ಯಲೆಂದೇ ಬರುವವರೂ ಇರುತ್ತಾರೆ. ಅದೇ ಗುಳಿಗೆ ಅವರ ಜಿಲ್ಲೆಯಲ್ಲೂ ಪುಕ್ಕಟೆ ಸಿಗುತ್ತದೆ. ಆದರೆ ಅಲ್ಲಿ ಸಾಲಿನಲ್ಲಿ ನಿಂತರೆ ಗುರುತಿನವರು ಯಾರಾದರೂ ‘ನೀವ್ಯಾಕ ಇಲ್ಲಿ?’ ಎಂದು ಕೇಳಿಯೇ ಕೇಳುತ್ತಾರೆ. ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕಾದ ಒಬ್ಬರು ಹನ್ನೊಂದು ವರ್ಷದಿಂದ ಹೀಗೆ ಬರುತ್ತಿದ್ದಾರೆ. ಮಧ್ಯಾಹ್ನದ ಊಟ ನಮ್ಮಲ್ಲಿ.

ಕಳೆದ ಸಲ ಊಟಕ್ಕೆ ಮೊದಲೇ ರಿಪೋರ್ಟು ಮುಂದಿಟ್ಟರು. ವೈರಲ್ ಲೋಡ್: ಪತ್ತೆಯಾಗಿಲ್ಲ. ‘ಪ್ರತಿ ಸಲ ಹಿಂಗ ಬರ್ತದ. ಇನ್ನ ಗುಳಿಗಿ ಯಾಕ ನುಂಗಬೇಕು, ತಮ್ಮಾ?’ ಮಗಳ ಮದುವೆ ಗೊತ್ತಾಗಿತ್ತು. ಮನೆ ತುಂಬ ಬೀಗರು ಇರುವಾಗ ಡಬ್ಬಿ ಎಲ್ಲಿಡುವುದು ಎನ್ನುವುದು ನಿಜವಾದ ಪ್ರಶ್ನೆ.

ನಾನು ಡಾಕ್ಟರಲ್ಲ, ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆಗಳ ಗುಣಮಟ್ಟ ನೋಡುವವನು. ಹೆಟೆರೊ, ಅರಬಿಂದೊ, ಲಾರಸ್ ಎಲ್ಲ ಈ ಊರಿನವೇ. ಆಫ್ರಿಕಾದ ಎಷ್ಟೋ ಮಂದಿ ನುಂಗುವ ಎಚ್‌ಐವಿ ಗುಳಿಗೆ ಇವರದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿ ದಿನಕ್ಕೊಂದೇ ಗುಳಿಗೆ. ಮೊದಲೆರಡು, ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡದಂತೆ ತಡೆಯುತ್ತವೆ. ಮೂರನೆಯದು ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರದಂತೆ ತಡೆಯುತ್ತದೆ. ಔಷಧ ಶುರುವಾಗುವ ಮೊದಲೇ ಸೇರಿಕೊಂಡದ್ದನ್ನು ಕೀಳುವ ಶಕ್ತಿ ಮೂರಕ್ಕೂ ಇಲ್ಲ.

1997ರ ಮೇ ತಿಂಗಳಲ್ಲಿ ಡೇವಿಡ್ ಹೋ ಮತ್ತು ಸಂಗಡಿಗರು, ಎರಡು ಮೂರು ವರ್ಷ ಬಿಡದೆ ಔಷಧ ಕೊಟ್ಟರೆ ವೈರಸ್ ಪೂರ್ತಿ ಅಳಿಯಬಹುದು ಎಂದು ಲೆಕ್ಕ ಹಾಕಿದ್ದರು. ಆ ವರ್ಷ ಮುಗಿಯುವುದರೊಳಗೆ ರಾಬರ್ಟ್ ಸಿಲಿಸಿಯಾನೊ ಸೇರಿದಂತೆ ಬೇರೆ ಬೇರೆ ತಂಡಗಳು, ಔಷಧ ಚೆನ್ನಾಗಿ ಕೆಲಸ ಮಾಡುತ್ತಿದ್ದವರ ರಕ್ತದಲ್ಲೇ, ವಿಶ್ರಾಂತಿಯಲ್ಲಿದ್ದ ಸಿಡಿ4 ಕೋಶಗಳೊಳಗೆ ಜೀವಂತ ವೈರಸ್ ತೋರಿಸಿದವು. ಅಂಥ ಕೋಶ ಹತ್ತು ಲಕ್ಷಕ್ಕೆ ಸುಮಾರು ಒಂದು. ಅಷ್ಟೇ, ಆದರೆ ಅಷ್ಟು ಸಾಕು. ಮಲಗಿದ ಕೋಶ ವೈರಸ್ ತಯಾರಿಸುವುದಿಲ್ಲ, ಆದ್ದರಿಂದ ರಕ್ತಪರೀಕ್ಷೆಗೂ ಕಾಣದು, ದೇಹದ ಕಾವಲಿಗೂ ಕಾಣದು. 2003ರಲ್ಲಿ ಸಿಲಿಸಿಯಾನೊ ತಂಡ ಹೊಸ ಲೆಕ್ಕ ಕೊಟ್ಟಿತು: ಈ ದಾಸ್ತಾನು ಬರಿದಾಗಲು 73 ವರ್ಷಕ್ಕಿಂತ ಹೆಚ್ಚು ಬೇಕು.

ಇದನ್ನೆಲ್ಲ ಕಾಕಾಗೆ ಹೇಳುವುದು ಹೇಗೆ? ಅವರ ಹೊಲದ ಮಾತು ತೆಗೆದೆ. ಎಡೆ ಹೊಡೆದರೆ ಮೇಲೆ ಮೊಳೆತ ಕಸ ಹೋಗುತ್ತದೆ, ನೆಲದೊಳಗಿನ ಬೀಜ? ‘ಅದು ಮಳಿ ಬಂದಾಗ ಏಳ್ತದ’ ಅಂದರು. ಗುಳಿಗೆ ಬಿಟ್ಟರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಏಳುತ್ತದೆ ಅಂದೆ. ಎಪ್ಪತ್ಮೂರರ ಲೆಕ್ಕ ಕೇಳಿ ನಕ್ಕರು. ‘ನಲವತ್ತೇಳಕ್ಕ ಸುರು ಮಾಡೀನಿ. ಅಂದ್ರ ನೂರಾ ಇಪ್ಪತ್ತಕ್ಕ ಮುಗೀತದ!’

ಮದುವೆಯ ಹದಿನೈದು ದಿನ ಮಾತ್ರ ಬಿಟ್ಟರೆ ಎಂದೂ ಕೇಳಿದರು. ಔಷಧವನ್ನು ಬಿಟ್ಟು ಬಿಟ್ಟು ಕೊಡುವುದನ್ನು 5,472 ಜನರ ಮೇಲೆ ಪರೀಕ್ಷಿಸಿದ್ದ ಸ್ಮಾರ್ಟ್ ಅಧ್ಯಯನವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಬಿಟ್ಟವರಲ್ಲಿ ಕಾಯಿಲೆ, ಸಾವು ಎರಡೂ ಹೆಚ್ಚಿದ್ದವು. ಅಂಕಿ ಹೇಳಲಿಲ್ಲ, ಬೇಡ ಎಂದಷ್ಟೇ ಹೇಳಿದೆ. ‘ಪತ್ತೆಯಾಗಿಲ್ಲ’ ಎಂಬ ಮಾತು ಸುಳ್ಳಲ್ಲ ಎಂಬುದನ್ನೂ ಹೇಳಿದೆ. ಅದು ಹಾಗೇ ಉಳಿದಷ್ಟು ದಿನ ಕೂಡಿ ಬಾಳುವುದರಿಂದ ಕಾಕೂಗೆ ಸೋಂಕು ದಾಟುವುದಿಲ್ಲ. ಈ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಿದ್ದರು.

ಆಮೇಲೆ ಡಬ್ಬಿಯ ಲೇಬಲ್ಲನ್ನು ಉಗುರಿನಿಂದ ಕೆರೆಯತೊಡಗಿದರು. ಒಳಗಿನ ತೇವ ಹೀರುವ ಪುಡಿಕೆ ತೆಗೆಯಬೇಡಿ ಅಂದೆ. ‘ಬಿಪಿ ಗುಳಿಗಿ ಅಂತ ಎಲ್ಲರ ಮುಂದೇ ನುಂಗ್ತೀನಿ. ಬೀಗರಿಗೂ ಬಿಪಿ ಅದ’ ಎಂದು ತಾಟು ಹತ್ತಿರ ಎಳೆದುಕೊಂಡರು.