ವೀರಗಲ್ಲಿಲ್ಲದವರ ಶಾಸನ: ಕೋಲಾರದ ಚಿನ್ನದ ಗಣಿ ಮತ್ತು ಒಂದು ಕಥೋಲಿಕ ದೇವಾಲಯ

ಕೋಲಾರ ಸೀಮೆಯು ವೀರಗಲ್ಲುಗಳಿಗೆ ಹೆಸರಾದುದು. ಗಂಗರ, ನೊಳಂಬರ ಕಾಲದಲ್ಲಿ ತುರುಗಳನ್ನು ಬಿಡಿಸಲು ಹೋಗಿ ಮಡಿದವರನ್ನೂ ಊರನ್ನು ಕಾಯುತ್ತ ಬಿದ್ದವರನ್ನೂ ಅಲ್ಲಿಯ ಜನ ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದರು. ಮಡಿದವನು ಅರಸನೇ ಆಗಬೇಕಿರಲಿಲ್ಲ. ಸಾಮಾನ್ಯ ಆಳಿಗೂ ಆ ಮನ್ನಣೆ ಸಲ್ಲುತ್ತಿತ್ತು. ಆದರೆ ಅದೇ ಸೀಮೆಯ ನೆಲದಡಿಯಲ್ಲಿ ನೂರಿಪ್ಪತ್ತು ವರ್ಷಗಳ ಕಾಲ ಚಿನ್ನ ತೆಗೆಯುತ್ತ ಮಡಿದವರಿಗೆ ಅಂಥ ಕಲ್ಲುಗಳಿಲ್ಲ. ಅವರ ಹೆಸರುಗಳನ್ನು ಅರಸುವ ಸಂಶೋಧಕರು ಬೇರೆ ಬಗೆಯ ಶಾಸನಗಳತ್ತ ತಿರುಗಬೇಕಾಗುತ್ತದೆ. ಚಾಂಪಿಯನ್ ರೀಫ್ಸಿನ ವಿಜಯಮಾತೆಯ ದೇವಾಲಯದಂಥ ಧರ್ಮಕೇಂದ್ರಗಳು ಇರಿಸಿಕೊಂಡು ಬರುವ ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ದಾಖಲೆ ಪುಸ್ತಕಗಳು ಅಂಥವು.

ಯಾದಗಿರಿ, ಶಹಾಪುರ, ಸುರಪುರಗಳ ಓದುಗರಿಗೆ ಚಿನ್ನದ ಗಣಿ ಎಂದೊಡನೆ ಕೃಷ್ಣೆಯ ಆಚೆಯ ಹಟ್ಟಿ ನೆನಪಾಗುವುದು ಸಹಜ. ಆದರೆ ಆಧುನಿಕ ಕರ್ನಾಟಕದಲ್ಲಿ ಗಣಿಯ ಸುತ್ತ ಒಂದು ಇಡೀ ನಗರವೇ ಹುಟ್ಟಿ ಬೆಳೆದುದು ಕೋಲಾರದ ಕೆ.ಜಿ.ಎಫ್‌ನಲ್ಲಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಇಲ್ಲಿ ಕೆಲಸಕ್ಕೆ ತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿಯಿತು. ಚಾಂಪಿಯನ್ ರೀಫ್ಸಿನ ಗಣಿ ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಬಂಡೆ ಸಿಡಿಯುವ ಅಪಾಯವೂ ಹೆಚ್ಚಿತು.

ಈ ಆಳಕ್ಕೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ದಲಿತರು. ಬರಗಾಲವೂ ಜಮೀನ್ದಾರರ ಜೀತವೂ ಅವರನ್ನು ಊರು ಬಿಡಿಸಿದ್ದವು. ಮೇಲುಸ್ತುವಾರಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಬಂದರು. ಇಟಲಿಯವರೂ ಆಂಗ್ಲೋ ಇಂಡಿಯನ್ನರೂ ಬಂದರು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳಿದ್ದವು. ಕೂಲಿಗಳಿಗೆ ಬಿದಿರುತಟ್ಟಿಯ ಗುಡಿಸಲುಗಳ ಸಾಲುಗಳಿದ್ದವು. ಆ ಸಾಲುಗಳಿಗೆ ಲೈನುಗಳೆಂದೇ ಹೆಸರು. ಮನೆ, ಆಸ್ಪತ್ರೆ, ನೆಲ ಎಲ್ಲವೂ ಕಂಪನಿಯದೇ. ಕೆಲಸ ಹೋದರೆ ಸೂರೂ ಹೋಗುತ್ತಿತ್ತು.

ಇಂಥ ಊರಿಗೆ ಕಥೋಲಿಕ ಧರ್ಮವನ್ನು ತಂದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು. ಮೈಸೂರು ಸೀಮೆಯ ಮಿಷನ್ ಅವರ ಹೊಣೆಯಲ್ಲಿತ್ತು. 1886ರಲ್ಲಿ ಅದು ಮೈಸೂರು ಧರ್ಮಪ್ರಾಂತ್ಯವಾಯಿತು. 1940ರ ವಿಭಜನೆಯಲ್ಲಿ ಕೋಲಾರವು ಬೆಂಗಳೂರಿಗೆ ಸೇರಿತು. ವಿಜಯಮಾತೆ ಎಂಬ ಹೆಸರು ಕೂಡ ಆ ಫ್ರೆಂಚ್ ಪರಂಪರೆಯನ್ನು ನೆನಪಿಸುತ್ತದೆ. ಪ್ಯಾರಿಸ್ಸಿನಲ್ಲಿ ಇದೇ ಹೆಸರಿನ ಪ್ರಸಿದ್ಧ ದೇವಾಲಯವೊಂದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಪೂಜೆಯ ಭಾಷೆ ಲ್ಯಾಟಿನ್. ಆಮೇಲೆ ಅದು ಮುಖ್ಯವಾಗಿ ತಮಿಳಾಯಿತು.

ಜ್ಞಾನಸ್ನಾನ ಹೊಂದಿದವರ, ಮದುವೆಯಾದವರ ಹೆಸರನ್ನು ಗುರುಗಳು ಬರೆದಿಡಬೇಕೆಂಬುದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿದ ನಿಯಮ. ಅದರಂತೆ ಲೈನಿನಲ್ಲಿ ಹುಟ್ಟಿದ ಮಗುವಿಗೂ ಒಂದು ಸಾಲು ಮೀಸಲು: ಅದರ ಹೆಸರು, ತಂದೆತಾಯಿಯರ ಹೆಸರು, ಜ್ಞಾನಪಿತೃಗಳ ಹೆಸರು, ದಿನಾಂಕ. ಅಧಿಕಾರಿಯ ಮಗುವಿಗೂ ಅಷ್ಟೇ ಅಗಲದ ಸಾಲು. ಇದರ ಪಕ್ಕದಲ್ಲಿ ಇನ್ನೊಂದು ದಾಖಲೆಯನ್ನು ಇಟ್ಟು ನೋಡಬೇಕು. ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ 1930ರಲ್ಲಿ ಗಣಿಯ ಜನ ದೊಡ್ಡ ಮುಷ್ಕರ ಹೂಡಿದರು. ಬೆರಳಚ್ಚು ಕಳ್ಳರಿಂದ ಪಡೆಯುವಂಥದು ಎಂಬುದು ಅವರ ಅಳಲು. ಬರೆಸಿಕೊಳ್ಳಲು ಅವರಿಗೆ ಅಂಜಿಕೆಯಿರಲಿಲ್ಲ, ಆದರೆ ಅಪರಾಧಿಗಳಂತೆ ದಾಖಲಾಗಲು ಅವರು ಒಪ್ಪಲಿಲ್ಲ.

ಘನತೆಯನ್ನು ಅರಸಿದವರಿಗೆ ದೇವಾಲಯವೊಂದೇ ದಾರಿಯಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಅಯೋತಿದಾಸ ಪಂಡಿತರ ಬೌದ್ಧ ಚಳವಳಿಗೆ ಮದರಾಸಿನ ಹೊರಗೆ ಬಲವಾದ ನೆಲೆ ದೊರೆತುದು ಇದೇ ಚಾಂಪಿಯನ್ ರೀಫ್ಸ್ ಮತ್ತು ಮಾರಿಕುಪ್ಪಗಳಲ್ಲಿ. ಅವರ ಬರಹಗಳನ್ನು ಮುದ್ರಿಸಿ ಉಳಿಸಿದ ಸಿದ್ಧಾರ್ಥ ಪುಸ್ತಕಾಲಯವೂ ಗಣಿಯ ಊರಿನದೇ. ಒಂದೇ ಊರಿನ ಜನ ಅದೇ ಅವಮಾನಕ್ಕೆ ಬೇರೆ ಬೇರೆ ಉತ್ತರಗಳನ್ನು ಹುಡುಕುತ್ತಿದ್ದರು.

ಈ ಉತ್ತರಗಳಿಗೆ ಪ್ರಭುತ್ವವು ಸಮಾನ ಬೆಲೆ ಕಟ್ಟಲಿಲ್ಲ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಾಗಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತ ದಲಿತರು ಹೊರಗೇ ಉಳಿದರು. ಹೆಸರು ಕೊಟ್ಟ ಪುಸ್ತಕವೇ ಹಕ್ಕು ತಪ್ಪಿಸುವ ಸಾಕ್ಷಿಯೂ ಆಯಿತು. ಲೈನಿನ ನೆರೆಮನೆಗಳ ನಡುವೆ, ಒಮ್ಮೊಮ್ಮೆ ಒಂದೇ ಕುಟುಂಬದ ಕವಲುಗಳ ನಡುವೆಯೂ ಕಾನೂನು ಗೆರೆ ಎಳೆಯಬಲ್ಲದಾಯಿತು. ಧರ್ಮಸಭೆಯೊಳಗೆ ಜಾತಿ ಅಳಿದಿತ್ತೇ ಎಂಬ ಪ್ರಶ್ನೆ ಬೇರೆ. ತಮಿಳುನಾಡಿನ ಧರ್ಮಕೇಂದ್ರಗಳ ಇತಿಹಾಸವು ಅಳಿದಿರಲಿಲ್ಲವೆಂದೇ ಹೇಳುತ್ತದೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವುದು ಸಾವಿರಾರು ಜನರ ದಿನಚರಿಯಾಯಿತು. ಕಂಪನಿ ಹೋದ ಮೇಲೂ ದೇವಾಲಯ ಉಳಿದಿದೆ. ಪೂಜೆ ನಡೆಯುತ್ತದೆ, ಮಕ್ಕಳ ಹೆಸರು ದಾಖಲಾಗುತ್ತದೆ.

ಕನ್ನಡದ ಚರಿತ್ರೆ ಬರೆದವರು ಕೋಲಾರದ ವೀರಗಲ್ಲುಗಳನ್ನು ಶ್ರದ್ಧೆಯಿಂದ ಓದಿದ್ದಾರೆ. ಎಪಿಗ್ರಾಫಿಯಾ ಕರ್ನಾಟಿಕದ ಒಂದು ಇಡೀ ಸಂಪುಟವೇ ಆ ಜಿಲ್ಲೆಗೆ ಮೀಸಲಾಗಿದೆ. ಗಣಿಯ ಜನರ ಮಾತು ತಮಿಳು ಎಂಬ ಕಾರಣಕ್ಕೆ ಅವರ ದಾಖಲೆಗಳನ್ನು ನಮ್ಮದಲ್ಲವೆಂದು ಬಿಡುವುದು ತರವಲ್ಲ. ಶಿವನಸಮುದ್ರದ ಕಾವೇರಿ ದೀಪವಾಗಿ ಹರಿದದ್ದು ಮೊದಲು ಅವರು ದುಡಿದ ಗಣಿಗೆ; ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ಬಂದದ್ದು ಅವರ ದುಡಿಮೆಯಿಂದ. ತುರುಗಾಳಗದಲ್ಲಿ ಮಡಿದವನ ಹೆಸರನ್ನು ಓದುವಷ್ಟೇ ಆಸ್ಥೆಯಿಂದ ಈ ಸಾಲುಗಳನ್ನೂ ಓದಬಲ್ಲ ಯುವ ಸಂಶೋಧಕರು ಮುಂದೆ ಬರಬೇಕಾಗಿದೆ. ಪುಸ್ತಕದ ಹಾಳೆ ಕಲ್ಲಿನಷ್ಟು ಕಾಲ ಬಾಳುವುದಿಲ್ಲ.