ಹಾಫ್ ಕ್ಲಚ್ ಯಾರದು?

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂತ ಮೊದಲು ಹೇಳಿದ್ದು ಹಿಂದಿನ ಸೀಟಿನಲ್ಲಿದ್ದ ಅಮ್ಮ.

ಜುಲೈ ತಿಂಗಳ ಒಂದು ಭಾನುವಾರ. ಧರ್ಮಸ್ಥಳದಲ್ಲಿ ಮಗಳ ಮುಡಿ ಕೊಟ್ಟು, ಉಜಿರೆ ದಾಟಿ, ಚಾರ್ಮಾಡಿ ಘಾಟಿ ಹತ್ತಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಮಳೆಗಾಲದ ವಾರಾಂತ್ಯದಲ್ಲಿ ಆ ಘಾಟಿ ಹೇಗಿರುತ್ತೆ ಅಂತ ಹೋದವರಿಗೆ ಗೊತ್ತು. ರಸ್ತೆ ಪಕ್ಕದಲ್ಲೇ ಧುಮುಕುವ ಝರಿಗಳು, ಅವುಗಳ ಮುಂದೆ ಸೆಲ್ಫಿ, ಆ ಸೆಲ್ಫಿಗಾಗಿ ಅರ್ಧ ರಸ್ತೆಯಲ್ಲೇ ನಿಲ್ಲಿಸಿದ ಕಾರುಗಳು. ಹತ್ತಡಿ ಮುಂದೆ ಹೋಗು, ನಿಲ್ಲು, ಮತ್ತೆ ಹತ್ತಡಿ.

"ಮುಂದಿನ ಲಾರಿದು ಇರಬೇಕಮ್ಮ" ಅಂದೆ. ಎರಡು ತಿರುವು ದಾಟುವಷ್ಟರಲ್ಲಿ ನಮ್ಮ ಕಾರೇ ಗಡಗಡ ನಡುಗಿತು. ಡ್ಯಾಶ್‌ಬೋರ್ಡ್ ಮೇಲೆ ಸಂದೇಶ ಬಂತು: ಗೇರ್‌ಬಾಕ್ಸ್ ಬಿಸಿಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಘಾಟಿಯಲ್ಲಿ ಸುರಕ್ಷಿತ ಜಾಗ ಎಲ್ಲಿ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಪ್ರಪಾತ. ಹೇಗೋ ಒಂದು ತಿರುವಿನ ಅಂಚಿಗೆ ತಂದು ನಿಲ್ಲಿಸಿದೆ. ಹಿಂದೆ ಬಸ್ಸಿನ ಹಾರ್ನ್, ಹೊರಗೆ ಸುರಿಯುವ ಮಳೆ, ಒಳಗೆ ಮಗಳ ಅಳು. ಮಂಡಿ ಆಪರೇಷನ್ ಆಗಿ ನಾಲ್ಕೇ ತಿಂಗಳಾಗಿದ್ದ ಅಮ್ಮನನ್ನು ಆ ಮಳೆಯಲ್ಲಿ ಇಳಿಸುವಂತೆಯೂ ಇರಲಿಲ್ಲ. ಮೊಬೈಲ್‌ನಲ್ಲಿ ನೆಟ್‌ವರ್ಕ್ ಇಲ್ಲ.

ನನ್ನ ಹೆಂಡತಿ ಗ್ಲವ್ ಬಾಕ್ಸಿನಿಂದ ಮ್ಯಾನ್ಯುಯಲ್ ತೆಗೆದಳು. ಕಾರು ತಗೊಂಡು ಒಂದೂವರೆ ವರ್ಷವಾಗಿದ್ದರೂ ಆ ಪುಸ್ತಕದ ಪ್ಲಾಸ್ಟಿಕ್ ಕವರ್ ಬಿಚ್ಚಿರಲಿಲ್ಲ. ಅವಳೇ ಹರಿದು, ಹುಡುಕಿ, ಓದಿದಳು. "ಪಿ ಹಾಕಿ ಎಂಜಿನ್ ಓಡ್ತಾ ಇರಲಿ ಅಂತ ಇದೆ ರೀ. ಸಂದೇಶ ಹೋಗೋ ತನಕ ಹೊರಡಬಾರದಂತೆ." ಮುಂದಿನ ಸಾಲನ್ನು ಅವಳು ಜೋರಾಗಿ ಓದಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಬೇಡಿ, ಕ್ಲಚ್ ಬಿಸಿಯಾಗುತ್ತದೆ, ಬ್ರೇಕ್ ಬಳಸಿ ಅಂತ ಇತ್ತು.

ಅಲ್ಲಿಯವರೆಗೆ ನಾನು ಮುಕ್ಕಾಲು ಗಂಟೆ ಮಾಡಿದ್ದು ಬರೀ ಅದನ್ನೇ.

ಅವಳು ಯಾಕೆ ಜೋರಾಗಿ ಓದಲಿಲ್ಲ ಅಂತ ನನಗೆ ಗೊತ್ತು. ಅದಕ್ಕೊಂದು ಹಿನ್ನೆಲೆ ಇದೆ.

ಮೊದಲು ನಮ್ಮ ಹತ್ತಿರ ಮ್ಯಾನ್ಯುಯಲ್ ಗೇರಿನ ಹಳೇ ಕಾರಿತ್ತು. ಮದುವೆಯಾದ ಹೊಸದರಲ್ಲಿ ಅವಳು ಅದರಲ್ಲೇ ಡ್ರೈವಿಂಗ್ ಕಲಿತಳು. ಕೆಲವು ತಿಂಗಳಲ್ಲಿ ಕ್ಲಚ್ ಪ್ಲೇಟ್ ಹೋಯಿತು. "ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರಾ ಸರ್?" ಅಂತ ಮೆಕ್ಯಾನಿಕ್ ಕೇಳಿದ. "ನಾನಲ್ಲ, ಮನೆಯವರು" ಅಂದುಬಿಟ್ಟೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಓಡಿಸುತ್ತಿದ್ದವನು ನಾನು. ಅವಳು ಓಡಿಸುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ. ಆದರೂ ಆ ಕಥೆಯನ್ನು ಅಕ್ಕನ ಮನೆಯಲ್ಲಿ, ಆಫೀಸಿನಲ್ಲಿ, ನೆಂಟರ ಮದುವೆಯಲ್ಲಿ ಜೋಕ್ ಮಾಡಿ ಹೇಳಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ಆಟೊಮ್ಯಾಟಿಕ್ ತಗೊಂಡಾಗ, "ಇದರಲ್ಲಿ ಕ್ಲಚ್ಚೇ ಇಲ್ಲ, ಈಗ ಧೈರ್ಯವಾಗಿ ಓಡಿಸು" ಅಂತಲೂ ಹೇಳಿದ್ದೆ. ಬೇಡ ಅಂದಿದ್ದಳು.

ಆದರೆ ಕ್ಲಚ್ ಇದೆ! ನಮ್ಮದು ಡ್ರೈ ಕ್ಲಚ್ ಡಿಸಿಟಿ. ಅಂದರೆ ಎರಡು ಕ್ಲಚ್, ಅವನ್ನು ತಣ್ಣಗಿಡಲು ಗಾಳಿ ಮಾತ್ರ. ಎಡಗಾಲಿನ ಕೆಳಗಿದ್ದ ಪೆಡಲ್ ಹೋಗಿದೆ, ಅಷ್ಟೇ. ಕ್ಲಚ್ಚನ್ನು ಕಂಪ್ಯೂಟರ್ ಒತ್ತುತ್ತೆ, ಬಿಡುತ್ತೆ. ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಒಂಚೂರು ಒತ್ತಿ, ಕಾರು ಹಿಂದೆ ಸರಿಯದ ಹಾಗೆ ನಿಲ್ಲಿಸಿದಿರಿ ಅನ್ನಿ. ಎಂಜಿನ್ ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ. ನಡುವೆ ಕ್ಲಚ್ ಉಜ್ಜುತ್ತಿದೆ. ಇದೇ ಹಾಫ್ ಕ್ಲಚ್. ಈಗ ಅದು ಬಲಗಾಲಿನ ಕೆಳಗಿದೆ, ಕಣ್ಣಿಗೆ ಕಾಣಲ್ಲ.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವಾ? ಜನ, ಲಗೇಜ್ ಸೇರಿ ಕಾರಿನ ತೂಕ ಸುಮಾರು 1,600 ಕೆ.ಜಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆ. ಮೊದಲ ಗೇರಿನಲ್ಲಿ, 1,200 ಆರ್‌ಪಿಎಂನಲ್ಲಿ, ಬರೀ ಆಕ್ಸಿಲರೇಟರ್ ಮೇಲೆ ಕಾರನ್ನು ತಡೆದು ನಿಲ್ಲಿಸಿದರೆ ಕ್ಲಚ್‌ನಲ್ಲಿ ಹುಟ್ಟುವ ಶಾಖ ಹತ್ತಿರ ಹತ್ತಿರ 4 ಕಿಲೋವ್ಯಾಟ್. ನಮ್ಮ ಬಾತ್‌ರೂಮಿನ ಗೀಸರ್ 2 ಕಿಲೋವ್ಯಾಟಿನದು. ಅಂಥ ಎರಡು ಗೀಸರನ್ನು ನೀರಿಲ್ಲದೆ ಆನ್ ಮಾಡಿದ ಹಾಗೆ. ವಾಸನೆ ಬರದೆ ಇನ್ನೇನು?

ಇನ್ನೊಂದು ವಿಷಯ ಹೊಳೆಯಿತು. ಕ್ಲಚ್ ಪೂರ್ತಿ ಹಿಡಿದ ಮೇಲೆ ಉಜ್ಜಾಟ ನಿಲ್ಲುತ್ತೆ. ಆಮೇಲೆ ಅದೇ ಏರನ್ನು 20 ಕಿ.ಮೀ. ವೇಗದಲ್ಲಿ ಹತ್ತಿದರೂ ಕ್ಲಚ್ಚಿಗೆ ಬಿಸಿ ತಾಗುವುದಿಲ್ಲ. ಅಂದರೆ ತಪ್ಪು ಬೆಟ್ಟದ್ದಲ್ಲ. ಏರಿನಲ್ಲಿ ತೆವಳುವ ನಮ್ಮ ಅಭ್ಯಾಸದ್ದು. ಸಿಲ್ಕ್ ಬೋರ್ಡ್‌ನಲ್ಲಿ ಮುಂದಿನ ಕಾರಿಗೆ ಅಂಟಿಕೊಂಡು ಅಂಗುಲ ಅಂಗುಲ ಸರಿಯೋದನ್ನ ಕಲಿತ ಕಾಲು, ಚಾರ್ಮಾಡಿಯಲ್ಲೂ ಅದನ್ನೇ ಮಾಡಿತು. ಸಮತಟ್ಟಾದ ರಸ್ತೆ ಅದನ್ನು ಸಹಿಸಿಕೊಂಡಿತ್ತು, ಘಾಟಿ ಸಹಿಸಲಿಲ್ಲ.

ನಿಮ್ಮ ಹತ್ತಿರ ಎಎಂಟಿ ಕಾರಿದ್ದರೂ ಕಥೆ ಇದೇ. ಅದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋ ಕೆಲಸ ಮಾತ್ರ ಮೋಟಾರಿನದು. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ನಡುವೆ ಎಣ್ಣೆ ಇರುತ್ತೆ. ಅದಕ್ಕೆ ಕೂಲರ್ ಇರುವುದರಿಂದ ಹೆಚ್ಚು ತಡೆದುಕೊಳ್ಳುತ್ತೆ. ಆದರೆ ಏರಿನಲ್ಲಿ ತುಂಬಾ ಹೊತ್ತು ತೆವಳಿದರೆ ಆ ಎಣ್ಣೆಯೂ ಕಲಕಿ ಕಲಕಿ ಕಾಯುತ್ತೆ. ಮತ್ತೆ ಮತ್ತೆ ಕಾದ ಎಣ್ಣೆ ಬೇಗ ಹಾಳಾಗುತ್ತೆ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಏರಿನಲ್ಲಿ ನಿಂತರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಇಲ್ಲವೇ ಆಟೊ ಹೋಲ್ಡ್ ಹಾಕಿ. ಹಿಲ್ ಅಸಿಸ್ಟ್ ಹಿಡಿಯೋದು ಎರಡ್ಮೂರು ಸೆಕೆಂಡ್ ಮಾತ್ರ, ಅದನ್ನು ನಂಬಿ ಕೂರಬೇಡಿ. ಮುಂದಿನ ಗಾಡಿ ಐದಡಿ ಸರಿದ ತಕ್ಷಣ ನೀವೂ ಸರಿಯಬೇಡಿ. ಎರಡು ಮೂರು ಕಾರಿನಷ್ಟು ಜಾಗ ಆಗಲಿ, ಆಮೇಲೆ ಹಿಂಜರಿಯದೆ ಒಂದೇ ಸಲ ಹೊರಡಿ. ಹಿಂದಿನವರು ಹಾರ್ನ್ ಮಾಡ್ತಾರೆ, ಮಾಡಲಿ. ಮ್ಯಾನ್ಯುಯಲ್ ಮೋಡ್ ಇದ್ದರೆ ಕಡಿಮೆ ಗೇರಿನಲ್ಲೇ ಇಟ್ಟುಕೊಳ್ಳಿ. ಎಚ್ಚರಿಕೆ ಬಂದರೆ ಹಟ ಮಾಡದೆ ನಿಲ್ಲಿಸಿ.

ಅವತ್ತು ಅರ್ಧ ಗಂಟೆ ಕಾದ ಮೇಲೆ ಸಂದೇಶ ಹೋಯಿತು. ನಿಧಾನವಾಗಿ ಕೊಟ್ಟಿಗೆಹಾರ ಸೇರಿದೆವು. ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿ, ಕ್ಲಚ್ ಬದಲಾಯಿಸೋದು ಬೇಡ ಅಂದರು. ಉಸಿರು ಬಿಟ್ಟೆ. ಆದರೆ ಇನ್ನೊಂದು ಲೆಕ್ಕ ಬಾಕಿ ಇತ್ತು.

ಆಫೀಸಿನಲ್ಲಿ ಸರ್ವರ್ ಬಿದ್ದರೆ ಮೊದಲು ಲಾಗ್ ನೋಡ್ತೀವಿ, ಯಾರ ಮೇಲೂ ಸುಮ್ಮನೆ ತಪ್ಪು ಹೊರಿಸಲ್ಲ. ಮನೆಯಲ್ಲಿ ನಾನು ಲಾಗ್ ನೋಡದೇ ತೀರ್ಪು ಕೊಟ್ಟಿದ್ದೆ. ಒಂದು ರಾತ್ರಿ ಮಗಳು ಮಲಗಿದ ಮೇಲೆ ಅವಳಿಗೆ ಹೇಳಿದೆ, "ಹಳೇ ಕಾರಿನ ಕ್ಲಚ್ ಸುಟ್ಟಿದ್ದು ನಾನೇ." "ಗೊತ್ತಿತ್ತು" ಅಂದಳು. "ಮತ್ತೆ ಯಾಕೆ ಹೇಳಲಿಲ್ಲ?" "ಎಲ್ಲರೂ ನಗ್ತಾ ಇದ್ರಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರದಿಂದ ಅವಳು ಮತ್ತೆ ಓಡಿಸತೊಡಗಿದಳು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ. ಎರಡರಲ್ಲಿ ಅದೇ ಕಷ್ಟವಾಗಿತ್ತು.

ದೀಪಾವಳಿಗೆ ಮಂಗಳೂರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಭಾವ, "ಆ ಕ್ಲಚ್ ಕಥೆ ಹೇಳೋ ಮಾರಾಯ" ಅಂದರು. ಈ ಸಲ ಸರಿಯಾಗಿ ಹೇಳಿದೆ. ಗೀಸರ್ ಲೆಕ್ಕವನ್ನೂ ಸೇರಿಸಿ. ಅಷ್ಟೇನೂ ನಗು ಬರಲಿಲ್ಲ. ಅವಳು ಮಾತ್ರ ಸಾರು ಬಡಿಸುತ್ತಾ ಒಂದು ಕ್ಷಣ ನನ್ನ ಕಡೆ ನೋಡಿದಳು.

ಮರುದಿನ ಚಾರ್ಮಾಡಿ ಹತ್ತಿದ್ದು ಅವಳು. ಅದೇ ಕಾರು, ಅದೇ ಜನ, ಹಬ್ಬದ ರಜೆಯ ಟ್ರಾಫಿಕ್ಕು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರವಂತೂ ಗಾಡಿಗಳ ಸಾಲು. ಬ್ರೇಕ್ ಒತ್ತಿ ನಿಂತಳು, ಜಾಗ ಬಿಟ್ಟಳು, ಒಂದೇ ಸಲ ಹೊರಟಳು. ಹಿಂದಿನವನು ಹಾರ್ನ್ ಮಾಡಿದರೂ ತಲೆ ಕೆಡಿಸಿಕೊಳ್ಳಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿ ತೋರಿಸುವ ಪಟ್ಟಿ ಅರ್ಧವನ್ನೂ ಮುಟ್ಟಲಿಲ್ಲ.

ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಎದ್ದಾಗ, "ಇನ್ನು ನಾನು ಓಡಿಸ್ತೀನಿ, ಕೊಡು" ಅಂತ ಕೀಗೆ ಕೈ ಚಾಚಿದೆ.

ಅವಳು ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ಅಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದರು.