ಜಾಲತಾಣದ ಪುಟವೂ ಲಿಪಿಕಾರನ ಹೊಣೆಯೂ

ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ಸಂಗತಿ. ಸಾಮಾನ್ಯವಾಗಿ ಇದನ್ನು ದಾನದ ದೃಷ್ಟಾಂತವಾಗಿ ಮಾತ್ರ ಹೇಳಲಾಗುತ್ತದೆ. ಆದರೆ ಇದರೊಳಗೆ ಗ್ರಂಥರಕ್ಷಣೆಯ ಒಂದು ತತ್ತ್ವವೂ ಅಡಗಿದೆ. ಒಂದೇ ಓಲೆಯ ಕಟ್ಟಿನಲ್ಲಿರುವ ಕಾವ್ಯ ಗೆದ್ದಲಿಗೋ ಬೆಂಕಿಗೋ ಒಂದೇ ದಿನದಲ್ಲಿ ತುತ್ತಾಗಬಹುದು; ಸಾವಿರ ಕಡೆ ಇರುವ ಕಾವ್ಯ ಹಾಗೆ ಅಳಿಯದು. ಹತ್ತನೆಯ ಶತಮಾನದ ಈ ತಿಳಿವಳಿಕೆ ಇಂದಿನ ಜಾಲತಾಣಗಳ ಯುಗದಲ್ಲಿ ಎಷ್ಟು ಉಳಿದಿದೆ ಎಂಬುದು ವಿಚಾರಾರ್ಹವಾಗಿದೆ.

ಉದಾಹರಣೆಗಾಗಿ ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಕುಳಿತು ಓದುವ ಒಬ್ಬ ಸಂಶೋಧನಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ಲಕ್ಕೂರು ಒಂದು ಹೋಬಳಿ ಕೇಂದ್ರ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿಯೂ ಇದೇ ತಾಲ್ಲೂಕಿನದು, ಡಿ.ವಿ. ಗುಂಡಪ್ಪನವರ ಮುಳಬಾಗಿಲು ಇದೇ ಜಿಲ್ಲೆಯದು. ಕನ್ನಡ, ತೆಲುಗು, ತಮಿಳು ಮೂರೂ ಬೀದಿಯಲ್ಲಿ ಕೇಳಿಬರುವ ಗಡಿನಾಡು. ಒಂದು ಹಳೆಯ ಗ್ರಂಥವನ್ನು ನೋಡಬೇಕಾದರೆ ಮಾಲೂರಿಗೆ ಬಂದು, ರೈಲು ಹಿಡಿದು, ಬೆಂಗಳೂರಿನ ಯಾವುದಾದರೂ ಗ್ರಂಥಾಲಯದಲ್ಲಿ ದಿನವನ್ನು ಕಳೆಯಬೇಕು. ಕೂಲಿಯನ್ನೋ ಅತಿಥಿ ಉಪನ್ಯಾಸಕ ವೃತ್ತಿಯನ್ನೋ ನಂಬಿದ ಮನೆಯ ವಿದ್ಯಾರ್ಥಿಗೆ ಅಂಥ ದಿನಗಳು ತಿಂಗಳಿಗೆ ಒಂದೋ ಎರಡೋ ಒದಗಿದರೆ ಹೆಚ್ಚು. ಹೀಗಿರುವಲ್ಲಿ ಕೈಯಲ್ಲಿರುವ ಮೊಬೈಲೇ ಅವನ ಗ್ರಂಥಭಂಡಾರ. ನಗರದವನಿಗೆ ಜಾಲತಾಣವು ಒಂದು ಅನುಕೂಲ. ಲಕ್ಕೂರಿನವನಿಗೆ ಅದು ಅನಿವಾರ್ಯ. ಆದ್ದರಿಂದ ಜಾಲಪುಟದ ದೋಷಗಳನ್ನು ಕುರಿತ ಮಾತು ಬರಿಯ ಗೊಣಗಾಟವಲ್ಲ.

ಈ ವಿದ್ಯಾರ್ಥಿ ತನ್ನ ನೆಲದ ಶಾಸನಗಳನ್ನು ಹುಡುಕುತ್ತಾನೆಂದು ಭಾವಿಸೋಣ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೆ ಮೀಸಲಾದದ್ದು, 1905ರಲ್ಲಿ ಪ್ರಕಟವಾಯಿತು. ಕುವಲಾಲವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿದ್ದ ಕೋಲಾರದ ಸುತ್ತಣ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಅಂಕಿತಗೊಂಡಿವೆ. ಗಂಗರ ಬಳಿಕ ಚೋಳರ ಆಳ್ವಿಕೆ ಬಂದುದರಿಂದ ತಮಿಳು ಶಾಸನಗಳೂ ಹೇರಳವಾಗಿವೆ. ಈ ಸಂಪುಟದ ಛಾಯಾಪ್ರತಿ ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಒಂದು ತಲೆಮಾರಿನ ಹಿಂದೆ ಇದು ಊಹೆಗೂ ನಿಲುಕದ ಭಾಗ್ಯ. ಅದನ್ನು ಮೊದಲು ನೆನೆಯಬೇಕು. ಆದರೆ ಛಾಯಾಪ್ರತಿಯೆಂದರೆ ಪುಟಗಳ ಚಿತ್ರ. ಕಣ್ಣಿಗೆ ಅಕ್ಷರವಾಗಿ ಕಾಣುವುದು ಯಂತ್ರಕ್ಕೆ ಮಸಿಯ ಗುರುತು ಮಾತ್ರ. ಊರಿನ ಹೆಸರನ್ನು ಹುಡುಕುಪೆಟ್ಟಿಗೆಯಲ್ಲಿ ಬರೆದರೆ ನಿವೇಶನಗಳ ಜಾಹೀರಾತು, ಅಂಚೆಯ ಪಿನ್‌ಕೋಡು, ಹವಾಮಾನದ ಪುಟ ಇಂಥವು ಮುಂದೆ ಬಂದು ನಿಲ್ಲುತ್ತವೆ. ಶಾಸನದ ಪಾಠವು ಚಿತ್ರದೊಳಗೆ ಮೌನವಾಗಿ ಕುಳಿತಿರುತ್ತದೆ. ಪುಸ್ತಕವು ಇದೆ, ಆದರೆ ಹುಡುಕಿದವನಿಗೆ ಅದು ಇಲ್ಲ.

ಚಿತ್ರವಲ್ಲದ ಪಠ್ಯದ ಕಥೆಯೂ ಸುಗಮವಾದುದಲ್ಲ. ಯು.ಬಿ. ಪವನಜರು 1996ರಲ್ಲಿ ವಿಶ್ವಕನ್ನಡ ಜಾಲತಾಣವನ್ನು ಆರಂಭಿಸಿದಾಗ ಕನ್ನಡವನ್ನು ತೆರೆಯ ಮೇಲೆ ತೋರಿಸುವುದೇ ಒಂದು ಸಾಹಸವಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಿತು; ಕನ್ನಡ ಗಣಕ ಪರಿಷತ್ತಿನ ನುಡಿ ಕಚೇರಿ ಕಚೇರಿಗೂ ತಲುಪಿತು; ಕೆ.ಪಿ. ರಾಯರ ತರ್ಕಬದ್ಧ ಕೀಲಿಮಣೆ ವಿನ್ಯಾಸವು ಬೆರಳಿಗೆ ಒಗ್ಗಿತು. ಈ ಮಹನೀಯರ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮೊದಲಾದ ಲಿಪಿಗಳ ಸಂಕೇತಸಂಖ್ಯೆಗಳ ಮೇಲೆ ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಾವ್ಯವೂ ಕಗ್ಗವಾಗಿ ತೋರುತ್ತಿತ್ತು. ಎಷ್ಟೋ ಪ್ರೌಢಪ್ರಬಂಧಗಳೂ ಸ್ಮರಣಸಂಚಿಕೆಗಳೂ ಅದೇ ರೂಪದ ಕಡತಗಳಾಗಿ ಉಳಿದು, ಪರಿವರ್ತಿಸುವವರಿಲ್ಲದೆ ಹುಡುಕಾಟದ ಕಣ್ಣಿಗೆ ಬೀಳದಾಗಿವೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಪ್ರತ್ಯೇಕ ಸ್ಥಾನ ದೊರಕಿದ್ದರೂ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗ ಅಕ್ಷರಶೈಲಿ ಬಂದ ಬಳಿಕವೇ ಸಾಮಾನ್ಯ ಗಣಕಗಳಲ್ಲಿ ಅದರ ಪ್ರಯೋಜನ ಹಬ್ಬತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅನಂತರದ ವರ್ಷಗಳಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಬ್ಲಾಗುಗಳಲ್ಲಿ ಬರೆಯುವಂತಾಯಿತು.

ಯೂನಿಕೋಡ್ ಬಂದರೂ ಹಳಗನ್ನಡದ ಓದುಗನಿಗೆ ತೊಡಕು ಪೂರ್ಣವಾಗಿ ತಪ್ಪಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ಅಷ್ಟು ಶ್ರದ್ಧೆಯಿಂದ ಏಕೆ ವಿವರಿಸಿದನೆಂಬುದು ಜಾಲಪುಟಗಳನ್ನು ನೋಡಿದಾಗ ಮತ್ತೊಮ್ಮೆ ಮನವರಿಕೆಯಾಗುತ್ತದೆ. ಬಾಳ್ ಎಂದರೆ ಖಡ್ಗ. ಬಾೞ್ ಎಂದರೆ ಜೀವಿಸು. ಅರಿ ಎಂದರೆ ಕತ್ತರಿಸು. ಅಱಿ ಎಂದರೆ ತಿಳಿ. ಬೆರಳಚ್ಚಿಸುವವನು ರಳ ಮತ್ತು ಶಕಟರೇಫಗಳು ಕೈಗೆ ಸುಲಭವಾಗಿ ಸಿಗಲಿಲ್ಲವೆಂದು ಳಕಾರ ರಕಾರಗಳನ್ನೇ ಒತ್ತಿಬಿಟ್ಟರೆ ಬದುಕು ಕತ್ತಿಯಾಗುತ್ತದೆ, ಅರಿವು ಕಡಿತವಾಗುತ್ತದೆ. ಅದೇ ಪಾಠವನ್ನು ಹತ್ತು ಜನ ನಕಲಿಸಿದರೆಂದರೆ ತಪ್ಪೇ ಬಹುಮತದ ಪಾಠವಾಗಿ ನಿಲ್ಲುತ್ತದೆ. ಯೂನಿಕೋಡಿನ ಪಟ್ಟಿಯಲ್ಲಿಯೇ ೞಕಾರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಏಳೆಂಟು ಶತಮಾನಗಳ ಹಿಂದೆಯೇ ಬಳಕೆಯಿಂದ ಮರೆಯಾಗುತ್ತಿದ್ದ ಅಕ್ಷರವೊಂದು ಹೊಸ ಕಾಲಕ್ಕೆ ಬಂದಾಗಲೂ ಬೇರೆಯವರ ಹೆಸರು ಹೊತ್ತು ಬಂದಂತಾಯಿತು. ವಿಶೇಷವೆಂದರೆ ಇದೇ ಧ್ವನಿಗೆ ಸಮನಾದ ಅಕ್ಷರವು ಮಾಲೂರಿನ ಗಡಿಯಾಚೆ ಹೊಸೂರಿನ ಅಂಗಡಿಗಳ ತಮಿಳು ಫಲಕಗಳಲ್ಲಿ ಇಂದಿಗೂ ನಿತ್ಯದ ಅಕ್ಷರ. ಲಕ್ಕೂರಿನ ವಿದ್ಯಾರ್ಥಿಗೆ ರಳದ ಪಾಠವನ್ನು ಹೇಳಲು ಆ ಫಲಕಗಳೇ ಸಾಕು.

ಇನ್ನು ದಿನನಿತ್ಯದ ಅನುಭವ. ಲೇಖನವೊಂದನ್ನು ತೆರೆದರೆ ಮೊದಲು ಎದುರಾಗುವುದು ಲೇಖನವಲ್ಲ. ಕುಕಿಗಳಿಗೆ ಒಪ್ಪಿಗೆ ಕೊಡಬೇಕು, ಸೂಚನೆಗಳು ಬೇಡವೆನ್ನಬೇಕು, ಆ್ಯಪ್ ಇಳಿಸಿಕೊಳ್ಳಿರೆಂಬ ಪಟ್ಟಿಯನ್ನು ಸರಿಸಬೇಕು, ತಾನಾಗಿ ಓಡತೊಡಗುವ ದೃಶ್ಯಸುರುಳಿಯನ್ನು ನಿಲ್ಲಿಸಬೇಕು. ಅಷ್ಟರಲ್ಲಿ ಜಾಹೀರಾತು ಬಂದು ಸಾಲುಗಳನ್ನು ಕೆಳಕ್ಕೆ ತಳ್ಳುತ್ತದೆ. ಓದುತ್ತಿದ್ದ ವಾಕ್ಯ ಎಲ್ಲಿಗೋ ಹೋಗುತ್ತದೆ. ಕೆಲವರು ಪ್ರತಿ ತೆಗೆಯದಂತೆ ಪುಟವನ್ನು ಬಂಧಿಸಿರುತ್ತಾರೆ. ಕೃತಿಚೌರ್ಯದ ಭಯ ಅರ್ಥವಾಗುವಂಥದೇ. ಆದರೆ ಕದಿಯುವವನಿಗೆ ಆ ಬೀಗವು ಅಡ್ಡಿಯಲ್ಲ, ಒಂದು ಸಾಲನ್ನು ಉದ್ಧರಿಸಿ ಲೇಖಕನ ಹೆಸರು ಹೇಳಬೇಕೆಂದಿರುವ ಪ್ರಾಮಾಣಿಕ ವಿದ್ಯಾರ್ಥಿಗೆ ಮಾತ್ರ ಅಡ್ಡಿ. ಮತ್ತೆ ಕೆಲವೆಡೆ ಬರೆದವರ ಹೆಸರಿಲ್ಲ, ಬರೆದ ದಿನವಿಲ್ಲ, ಆಧಾರದ ಉಲ್ಲೇಖವಿಲ್ಲ. ಈ ವಿಷಯದಲ್ಲಿ ನಮ್ಮ ಓಲೆಗರಿಯ ಲಿಪಿಕಾರರು ಎಷ್ಟೋ ಮೇಲು. ಹಸ್ತಪ್ರತಿಗಳ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ಬರೆದವನ ಹೆಸರನ್ನೂ ಯಾರಿಗಾಗಿ ಬರೆದದ್ದೆಂಬುದನ್ನೂ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ವಿನಯದ ಮಾತನ್ನೂ ಸೇರಿಸುವ ಪದ್ಧತಿ ಇತ್ತು. ಇಂದು ಸಂಪಾದಕರು ಪ್ರತಿಗಳ ಕಾಲವನ್ನೂ ಪರಂಪರೆಯನ್ನೂ ನಿರ್ಣಯಿಸುವಾಗ ನೆರವಾಗುವುದು ಆ ನಾಲ್ಕು ಸಾಲುಗಳೇ.

ಎಲ್ಲಕ್ಕಿಂತ ಗಂಭೀರವಾದುದು ಪುಟಗಳ ಅಳಿವು. ಯಾಹೂ ಸಂಸ್ಥೆಯು ಜಿಯೋಸಿಟೀಸ್ ಸೇವೆಯನ್ನು 2009ರಲ್ಲಿ ಮುಚ್ಚಿದಾಗ ಲೋಕದಾದ್ಯಂತದ ಸಾಮಾನ್ಯ ಜನರು ಕಟ್ಟಿದ್ದ ಲಕ್ಷಾಂತರ ಪುಟಗಳು ತಮ್ಮ ನೆಲೆಯನ್ನು ಕಳೆದುಕೊಂಡವು. ಕನ್ನಡದಲ್ಲಿ ಇಂಥ ಅಳಿವು ಸದ್ದಿಲ್ಲದೆ ನಡೆಯುತ್ತದೆ. ವಿದ್ವಾಂಸರೊಬ್ಬರು ಸ್ವಂತ ವೆಚ್ಚದಲ್ಲಿ ತಾಣವನ್ನು ನಡೆಸಿರುತ್ತಾರೆ. ಅವರ ಕಾಲಾನಂತರ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ವಿಳಾಸವು ಅನ್ಯರ ಪಾಲಾಗುತ್ತದೆ. ಬ್ಲಾಗುಗಳಲ್ಲಿ ಬರೆಯುತ್ತಿದ್ದ ಎಷ್ಟೋ ಮಂದಿ ಸಾಮಾಜಿಕ ಜಾಲತಾಣಗಳಿಗೆ ಹೋದರು; ಅಲ್ಲಿ ನಿನ್ನೆಯ ಬರಹವನ್ನು ಇಂದು ಹುಡುಕುವುದೇ ಕಷ್ಟ. ಸಂಶೋಧನಾರ್ಥಿ ತನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕೊಟ್ಟ ವಿಳಾಸವು ಮೌಖಿಕ ಪರೀಕ್ಷೆಯ ಹೊತ್ತಿಗೆ ತೆರೆಯದೆ ಹೋದರೆ ಅವನ ವಾದಕ್ಕೆ ಸಾಕ್ಷಿಯೇ ಇಲ್ಲವಾಗುತ್ತದೆ. ಅವನು ಸುಳ್ಳು ಹೇಳಿಲ್ಲ. ಆದರೆ ನಿಜವೆಂದು ತೋರಿಸಲಾರ.

ಆಶಾದಾಯಕವಾದ ನಿದರ್ಶನಗಳಿಲ್ಲದಿಲ್ಲ. ವಚನ ಸಂಚಯದಲ್ಲಿ 20,000ಕ್ಕೂ ಹೆಚ್ಚು ವಚನಗಳು ಹುಡುಕಬಲ್ಲ ಪಠ್ಯವಾಗಿ ಲಭ್ಯವಾಗಿವೆ. ಒಂದು ಪದವು ಯಾವ ಯಾವ ವಚನಕಾರರಲ್ಲಿ ಎಷ್ಟು ಬಾರಿ ಬಂದಿದೆಯೆಂದು ನೋಡಲು ಹಿಂದೆ ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗಿತ್ತು. ಈಗ ಕ್ಷಣ ಸಾಕು. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅಲರ್ ಎಂಬ ಹೆಸರಿನಲ್ಲಿ ಮುಕ್ತವಾಗಿ ದೊರೆಯುತ್ತದೆ. ಇವುಗಳಲ್ಲಿ ಆಡಂಬರವಿಲ್ಲ, ಪಠ್ಯವೇ ಮುಖ್ಯ. ಒಳ್ಳೆಯ ಜಾಲತಾಣದ ಲಕ್ಷಣವೂ ಇಷ್ಟೇ ಎಂದರೆ ತಪ್ಪಾಗದು: ಓದುಗನು ಬಂದ ಕೆಲಸಕ್ಕೆ ದಾರಿ ಬಿಟ್ಟು ತಾನು ಪಕ್ಕಕ್ಕೆ ನಿಲ್ಲುವುದು.

ಬ್ಲಾಗು ಬರೆಯುವ ವಿದ್ವಾಂಸರಿಗೆ ಇದರಿಂದ ಕೆಲವು ಕರ್ತವ್ಯಗಳು ಒದಗುತ್ತವೆ. ಪಠ್ಯವನ್ನು ಚಿತ್ರವಾಗಿಯಲ್ಲದೆ ಯೂನಿಕೋಡ್ ಅಕ್ಷರಗಳಲ್ಲಿಯೇ ಕೊಡಬೇಕು. ಶಾಸನದ ಪಾಠವಿದ್ದಲ್ಲಿ ಸಂಪುಟ, ತಾಲ್ಲೂಕು, ಸಂಖ್ಯೆಗಳನ್ನು ಸೂಚಿಸಬೇಕು. ೞ, ಱಗಳನ್ನು ಬಿಡಬಾರದು; ಊರಿನ ಹೆಸರನ್ನು ಇಂದಿನ ರೂಪದಲ್ಲಿಯೂ ಶಾಸನದ ರೂಪದಲ್ಲಿಯೂ ಬರೆಯಬೇಕು. ಪ್ರಕಟಿಸಿದ ದಿನವನ್ನೂ ತಿದ್ದಿದ ದಿನವನ್ನೂ ನಮೂದಿಸಬೇಕು. ಇಂಟರ್ನೆಟ್ ಆರ್ಕೈವ್ 1996ರಿಂದ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದಿದೆ. ಅದರ ವೇಬ್ಯಾಕ್ ಮಷೀನಿಗೆ ಯಾವುದೇ ಪುಟದ ವಿಳಾಸವನ್ನು ಕೊಟ್ಟು ಪ್ರತಿ ಉಳಿಸುವ ಅವಕಾಶ ಎಲ್ಲರಿಗೂ ಇದೆ. ಲೇಖಕನು ತನ್ನ ಪುಟವನ್ನೂ ಸಂಶೋಧನಾರ್ಥಿಯು ತಾನು ಉಲ್ಲೇಖಿಸುವ ಪುಟವನ್ನೂ ಹೀಗೆ ಉಳಿಸಿಟ್ಟರೆ ಅಡಿಟಿಪ್ಪಣಿಗಳು ಅನಾಥವಾಗುವುದಿಲ್ಲ. ಒಂದು ಮುದ್ರಿತ ಪ್ರತಿಯನ್ನು ಸಮೀಪದ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟರಂತೂ ಇನ್ನೂ ಲೇಸು.

ಅತ್ತಿಮಬ್ಬೆಗೆ ಸಾವಿರ ಪ್ರತಿ ಮಾಡಿಸಲು ಸಾವಿರ ಓಲೆಕಟ್ಟುಗಳೂ ಅನೇಕ ಕೈಗಳೂ ಬೇಕಾಗಿದ್ದವು. ಇಂದು ಒಂದು ಪ್ರತಿಯನ್ನು ಉಳಿಸಲು ಬೇಕಾದುದು ಕೆಲವು ಕ್ಷಣಗಳು ಮಾತ್ರ. ಅಷ್ಟು ಶ್ರಮವನ್ನು ಈ ಕಾಲದ ಲಿಪಿಕಾರರು ವಹಿಸಿದಲ್ಲಿ, ಲಕ್ಕೂರಿನ ಆ ವಿದ್ಯಾರ್ಥಿ ರಾತ್ರಿ ಊಟ ಮುಗಿಸಿ ಮೊಬೈಲು ತೆರೆದು ತನ್ನ ನೆಲದ ಶಾಸನವೊಂದರ ಪಾಠವನ್ನು ಹುಡುಕಿದಾಗ ಅವನಿಗೆ ನಿವೇಶನದ ಜಾಹೀರಾತಿನ ಬದಲು ಆ ಪಾಠವೇ ದೊರೆಯುವುದು. ಅದರಲ್ಲಿ ಬಾೞ್ ಎಂಬುದು ಬಾೞ್ ಆಗಿಯೇ ಇರುವುದು.